ಹಾಲಕ್ಕಿ ಕೂಗಿದರೆ ಸಾವು ಬರುತ್ತದೆಯೇ? ಗೂಬೆ ನೋಡುವ ಮುನ್ನ, ಫೋಟೋ ಹಂಚುವ ಮುನ್ನ ಇದನ್ನು ಓದಿ

ದೀಪಾವಳಿ ಹತ್ತಿರ ಬಂದಂತೆ ವಾಟ್ಸಾಪ್ ಗುಂಪುಗಳಲ್ಲಿ ಗೂಬೆಗಳ ಹಾರಾಟ ಶುರುವಾಗುತ್ತದೆ. 'ಮನೆ ಮೇಲೆ ಗೂಬೆ ಕೂತರೆ ಮನೆ ಬಿಡಬೇಕು' ಎಂದು ಒಂದು ಫಾರ್ವರ್ಡ್. 'ಬಿಳಿ ಗೂಬೆ ಕಂಡರೆ ಲಕ್ಷ್ಮಿ ಬಂದಂತೆ, ಕೂಡಲೇ ಹನ್ನೊಂದು ಜನರಿಗೆ ಕಳಿಸಿ' ಎಂದು ಇನ್ನೊಂದು. ಒಂದೇ ಹಕ್ಕಿ ಒಂದು ಕಡೆ ಅಪಶಕುನ, ಇನ್ನೊಂದು ಕಡೆ ಲಕ್ಷ್ಮಿಯ ವಾಹನ. ಎರಡರಲ್ಲೂ ಪೆಟ್ಟು ತಿನ್ನುವುದು ಮಾತ್ರ ಗೂಬೆಯೇ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಈ ಮಾತಿಗೆ ಹೆಚ್ಚು ತೂಕವಿದೆ. ಬುಡಬುಡಿಕೆಯವರು ನಸುಕಿನಲ್ಲಿ ಬಂದು 'ಹಾಲಕ್ಕಿ ನುಡಿದೈತಿ' ಎಂದು ಭವಿಷ್ಯ ಹೇಳುವುದನ್ನು ಕೇಳಿ ಬೆಳೆದವರು ಇಲ್ಲಿ ಬಹಳ. ಹಾಲಕ್ಕಿ ಎಂದರೆ ಗೊರವಂಕದಷ್ಟೇ ದೊಡ್ಡದಾದ, ಮೈಮೇಲೆ ಬಿಳಿ ಚುಕ್ಕೆಗಳಿರುವ ಸಣ್ಣ ಗೂಬೆ. ಹಳೆಯ ಮರದ ಪೊಟರೆಯಲ್ಲಿ, ಪಾಳು ಗೋಡೆಯಲ್ಲಿ ಜೋಡಿಯಾಗಿ ಇರುತ್ತದೆ. ಅದು ಕೂಗುವುದು ಸಂಗಾತಿಯನ್ನು ಕರೆಯಲು, 'ಇದು ನಮ್ಮ ಜಾಗ' ಎಂದು ಬೇರೆ ಗೂಬೆಗಳಿಗೆ ತಿಳಿಸಲು. ಮನುಷ್ಯರ ಸಾವಿನ ಸುದ್ದಿ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಹಾಗಾದರೆ ರೋಗಿ ಇದ್ದ ಮನೆ ಹತ್ತಿರವೇ ಕೂಗಿತಲ್ಲ ಎನ್ನುತ್ತೀರಾ? ಅಂಥ ಮನೆಯಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿರುತ್ತದೆ. ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಹಾಲಕ್ಕಿ ಬರುತ್ತದೆ. ಮನೆಯವರೂ ಎಚ್ಚರವಾಗಿರುವುದರಿಂದ ಕೂಗು ಕಿವಿಗೆ ಬೀಳುತ್ತದೆ. ಯಾರೂ ಸಾಯದ ನೂರಾರು ರಾತ್ರಿಗಳಲ್ಲೂ ಅದು ಕೂಗಿರುತ್ತದೆ. ಅದನ್ನು ಯಾರೂ ನೆನಪಿಡುವುದಿಲ್ಲ.

ಇನ್ನು 'ಬಿಳಿ ಗೂಬೆ'. ಫಾರ್ವರ್ಡ್‌ಗಳಲ್ಲಿ ಬರುವ ಪೂರ್ತಿ ಬಿಳಿ ಗೂಬೆ ಹೆಚ್ಚಾಗಿ ಉತ್ತರ ಧ್ರುವ ಪ್ರದೇಶದ ಹಿಮಗೂಬೆ. ಚಳಿಗಾಲದಲ್ಲಿ ಅದು ಅಮೆರಿಕದ ಕಡಲತೀರದ ಮರಳು ದಿಬ್ಬಗಳವರೆಗೂ ಇಳಿದು ಬರುತ್ತದೆ, ಅಲ್ಲಿ ಕ್ಯಾಮೆರಾ ಹಿಡಿದವರ ಜಾತ್ರೆಯೇ ನೆರೆಯುತ್ತದೆ. ನಮ್ಮ ಕರ್ನಾಟಕಕ್ಕೆ ಅದು ಬರುವುದಿಲ್ಲ. ಇಲ್ಲಿ ಕಾಣುವುದು ಹೃದಯಾಕಾರದ ಬಿಳಿ ಮುಖದ ಕಣಜ ಗೂಬೆ. 2017ರಲ್ಲಿ ವಿಶಾಖಪಟ್ಟಣದ 'ಏಲಿಯನ್' ಎಂದು ದೇಶವೆಲ್ಲ ಸುತ್ತಿದ ವಿಡಿಯೋದಲ್ಲಿದ್ದದ್ದು ಇದರ ಮರಿಗಳೇ! ಇದರ ಮುಖ್ಯ ಆಹಾರ ಇಲಿ. ಮಲೇಷ್ಯಾದ ತಾಳೆ ತೋಟಗಳಲ್ಲಿ ಇಲಿ ಕಾಟ ತಡೆಯಲೆಂದೇ ಈ ಗೂಬೆಗೆ ಗೂಡುಪೆಟ್ಟಿಗೆ ಕಟ್ಟುತ್ತಾರೆ. ಕಬ್ಬು, ಗೋವಿನಜೋಳ ಬೆಳೆಯುವ ನಮ್ಮ ರೈತರು ಅದಕ್ಕೆ ಕಲ್ಲು ಹೊಡೆದರೆ ನಷ್ಟ ಯಾರಿಗೆ?

'ಗೂಬೆಗೆ ಹಗಲು ಕಣ್ಣು ಕಾಣಲ್ಲ' ಎಂಬುದೂ ಸುಳ್ಳು, ಕಾಣುತ್ತದೆ. ಅದರ ಕಣ್ಣುಗಳು ಕೊಳವೆಯಾಕಾರದವು, ಗುಳಿಯಲ್ಲಿ ತಿರುಗುವುದಿಲ್ಲ. ಅದಕ್ಕೇ ಕುತ್ತಿಗೆಯನ್ನೇ 270 ಡಿಗ್ರಿವರೆಗೆ ತಿರುಗಿಸುತ್ತದೆ. ನಮ್ಮ ಕುತ್ತಿಗೆಯಲ್ಲಿ 7 ಮೂಳೆ, ಅದರಲ್ಲಿ 14.

ಚಳಿಗಾಲದಲ್ಲಿ ಘಟಪ್ರಭಾ ಪಕ್ಷಿಧಾಮಕ್ಕೆ, ಧೂಪದಾಳದ ಹಿನ್ನೀರಿಗೆ ಹಕ್ಕಿ ನೋಡಲು ಹೋಗುವವರು ಹಾಗೆಯೇ ಗೋಕಾಕ ಫಾಲ್ಸ್ ಕಡೆಗೂ ಹೋಗುತ್ತಾರೆ. ಅಲ್ಲಿನಂಥ ಬಂಡೆಯ ಕಡಿದಾದ ಅಂಚುಗಳು ಕೊಂಬಿನ ಗೂಬೆಗೆ ಇಷ್ಟವಾದ ಜಾಗ. ಅದು ಗೂಡು ಕಟ್ಟುವುದಿಲ್ಲ, ಬಂಡೆಯ ಸಂದಿನ ಬರಿ ಮಣ್ಣಿನ ಮೇಲೆ ಮೊಟ್ಟೆ ಇಡುತ್ತದೆ. ಅದೂ ಬಹುತೇಕ ನವೆಂಬರಿನಿಂದ ಏಪ್ರಿಲ್ ನಡುವೆ, ಅಂದರೆ ನಾವು ಕ್ಯಾಮೆರಾ ಹಿಡಿದು ಹೊರಡುವ ಕಾಲಕ್ಕೇ. ಹತ್ತಿರ ಹೋದರೆ ತಾಯಿ ಎದ್ದು ಹಾರುತ್ತದೆ. ಮೊಟ್ಟೆ ತಣ್ಣಗಾಗುತ್ತದೆ, ಇಲ್ಲವೇ ಕಾಗೆ ಪಾಲಾಗುತ್ತದೆ.

ಹಾಗಾಗಿ ದೂರದಿಂದಲೇ ನೋಡಿ. ಗೂಬೆ ಮೈ ಸಣ್ಣ ಮಾಡಿ ನೆಟ್ಟಗೆ ನಿಂತರೆ ಅಥವಾ ನಿಮ್ಮನ್ನೇ ದಿಟ್ಟಿಸಿದರೆ, ನೀವು ಆಗಲೇ ತೀರಾ ಹತ್ತಿರ ಹೋಗಿದ್ದೀರಿ ಎಂದರ್ಥ. ಫ್ಲ್ಯಾಶ್ ಹೊಡೆದರೆ ಗೂಬೆ ಶಾಶ್ವತವಾಗಿ ಕುರುಡಾಗುತ್ತದೆ ಎಂಬ ಫಾರ್ವರ್ಡ್‌ಗೆ ಆಧಾರವಿಲ್ಲ. ಆದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೆಲಹೊತ್ತು ಮಂಕಾಗುತ್ತದೆ, ಬೇಟೆ ತಪ್ಪುತ್ತದೆ, ಆದ್ದರಿಂದ ಫ್ಲ್ಯಾಶ್ ಬೇಡ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದೂ ಬೇಡ. ಹಾಲಕ್ಕಿ ಚಳಿಗಾಲದ ಬೆಳಿಗ್ಗೆ ಪೊಟರೆ ಬಾಯಲ್ಲಿ ಬಿಸಿಲು ಕಾಯುತ್ತಾ ಕೂರುತ್ತದೆ. ಚಂದದ ಫೋಟೋ ಸಿಗುವುದೂ ಆಗಲೇ.

ನಮ್ಮ ಪ್ರಕಾರ ಇದೆಲ್ಲಕ್ಕಿಂತ ದೊಡ್ಡ ಅಪಾಯ ಫೋಟೋ ಜೊತೆ ಹಂಚುವ ಲೊಕೇಶನ್. ಗೂಬೆಗಳನ್ನು ಮಾಟಕ್ಕೆ, ನಿಧಿಯ ಆಸೆಗೆ ಹಿಡಿದು ಮಾರುವ ಜಾಲಗಳಿವೆ. 2018ರ ತೆಲಂಗಾಣ ಚುನಾವಣೆ ಹೊತ್ತಿಗೆ ಕಲಬುರಗಿ ಜಿಲ್ಲೆಯ ಸೇಡಂನಲ್ಲಿ ಗೂಬೆ ಸಾಗಿಸುತ್ತಿದ್ದವರನ್ನು ಪೊಲೀಸರು ಬಂಧಿಸಿದ್ದರು. ಎದುರಾಳಿ ಅಭ್ಯರ್ಥಿಗೆ ಕೇಡಾಗಲಿ ಎಂಬುದು ಉದ್ದೇಶ ಎಂದು ವರದಿಯಾಗಿತ್ತು. ತಲೆ ಮೇಲೆ ಗೂಬೆ ಕೂರಿಸುವುದು ಎಂಬ ಮಾತನ್ನು ಅಕ್ಷರಶಃ ಮಾಡಹೊರಟವರು! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗೂಬೆ ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ.

ಫೋಟೋ ತೆಗೆಯುವ ಮೊದಲೇ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಮರ, ಬಂಡೆ, ಊರಿನ ಹೆಸರು ಬರೆಯಬೇಡಿ. ಗಾಯಗೊಂಡ ಗೂಬೆ ಸಿಕ್ಕರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಡಿ, ಹಾಲು, ಅನ್ನ ಕೊಡಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.