ಬಟ್ಟೆ ಹೊದ್ದ ಮೋಟಾರು ಕಾರು

ಕಾರು ಎಂದೊಡನೆ ಹೊಳೆಯುವ ಉಕ್ಕಿನ ತಗಡು ನೆನಪಾಗುತ್ತದೆ. ಆದರೆ 1920ರ ದಶಕದಲ್ಲಿ ಯುರೋಪಿನ ಅನೇಕ ದುಬಾರಿ ಕಾರುಗಳ ಒಡಲಿಗೆ ಬಟ್ಟೆ ಹೊದಿಸಲಾಗಿತ್ತು! ಇದರ ಮುಖ್ಯ ಉದ್ದೇಶ ಹಣದ ಉಳಿತಾಯವಲ್ಲ, ಸದ್ದಡಗಿಸುವುದು.

ಆಗ ದುಬಾರಿ ಕಾರುಗಳ ತಯಾರಕರು ಸಾಮಾನ್ಯವಾಗಿ ಎಂಜಿನ್ ಮತ್ತು ಚಕ್ರಗಳನ್ನು ಹೊತ್ತ ಚಾಸಿಸ್ ಮಾತ್ರ ಮಾರುತ್ತಿದ್ದರು. ಅದರ ಮೇಲೆ ಒಡಲು ಕಟ್ಟುತ್ತಿದ್ದವರು ಸಾರೋಟು ಕಟ್ಟುವ ಪರಂಪರೆಯ ಕುಶಲಕರ್ಮಿಗಳು. ಮರದ ಚೌಕಟ್ಟಿಗೆ ಲೋಹದ ತಗಡು ಹೊದಿಸುವುದು ರೂಢಿ. ಚಾಸಿಸ್‌ನದು ಏಣಿಯ ಆಕಾರ. ಒಂದು ಚಕ್ರ ಗುಂಡಿಗೆ ಇಳಿದರೆ ಅದು ತುಸು ತಿರುಚಿಕೊಳ್ಳುತ್ತದೆ, ಒಡಲನ್ನೂ ತಿರುಚುತ್ತದೆ. ಆಗ ಕೀಲುಗಳಲ್ಲಿ ಮರಕ್ಕೆ ಮರ ಉಜ್ಜುತ್ತದೆ. ಒಂದು ಕ್ಷಣ ಕಚ್ಚಿಕೊಂಡು ಮರುಕ್ಷಣ ಜಾರುವ ಈ ಘರ್ಷಣೆಯಿಂದ ಕಂಪನ, ಕಂಪನದಿಂದ ಕಿರುಗುಟ್ಟುವ ಸದ್ದು. ಹಳೆಯ ಬಾಗಿಲು ಕಿರುಗುಟ್ಟುವುದೂ ಹೀಗೆಯೇ. ಕ್ರಮೇಣ ಕೀಲುಗಳು ಸಡಿಲಗೊಂಡು, ಬಣ್ಣ ಬಿರುಕು ಬಿಡುತ್ತಿತ್ತು.

ಕೀಲುಗಳನ್ನು ಇನ್ನಷ್ಟು ಬಿಗಿ ಮಾಡುವುದು ಸಹಜವಾಗಿ ಹೊಳೆಯುವ ಪರಿಹಾರ. ಷಾರ್ಲ್ ವೇಮನ್ ಇದಕ್ಕೆ ವಿರುದ್ಧ ದಾರಿ ಹಿಡಿದ. ಹೈಟಿಯಲ್ಲಿ ಹುಟ್ಟಿದ ಈತ ವಿಮಾನ ಚಾಲಕ. 1911ರ ಗಾರ್ಡನ್ ಬೆನೆಟ್ ವಿಮಾನ ಸ್ಪರ್ಧೆಯ ವಿಜೇತ. ಮರದ ಚೌಕಟ್ಟಿನ ಮೇಲೆ ಬಟ್ಟೆ ಬಿಗಿದ ವಿಮಾನಗಳು ಅವನಿಗೆ ಚಿರಪರಿಚಿತ. ತನ್ನ ಕಾರಿನ ಒಡಲಿನಲ್ಲಿ ಅವನು ಮರದ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ಕಿರಿದಾದ ಅಂತರದಲ್ಲಿಟ್ಟು, ಉಕ್ಕಿನ ತೆಳು ಪಟ್ಟಿಗಳಿಂದ ಜೋಡಿಸಿದ. ಚಾಸಿಸ್ ತಿರುಚಿದಾಗ ಪಟ್ಟಿಗಳು ಬಾಗುತ್ತವೆ. ಮರ ಮರಕ್ಕೆ ಉಜ್ಜುವುದಿಲ್ಲ. ಹೊದಿಕೆಯೂ ಚೌಕಟ್ಟಿನೊಡನೆ ಬಾಗಬೇಕಲ್ಲವೆ? ಅದಕ್ಕಾಗಿ ಅರಳೆಯ ಪದರದ ಮೇಲೆ ಸೆಲ್ಯುಲೋಸ್ ನೈಟ್ರೇಟ್ ಲೇಪಿಸಿದ ಬಟ್ಟೆ. ಇಂಥದೇ ಒಂದು ಬಟ್ಟೆಯ ವ್ಯಾಪಾರನಾಮ 'ರೆಕ್ಸಿನ್' ಇಂದು ನಮ್ಮಲ್ಲಿ ಸೀಟಿನ ಹೊದಿಕೆಯ ಹೆಸರಾಗಿ ಉಳಿದಿದೆ. ಹೀಗೆ ಸದ್ದೂ ಇಳಿಯಿತು, ತೂಕವೂ ಇಳಿಯಿತು. ಬೆಂಟ್ಲಿಯಂಥ ಕಾರುಗಳೂ ಈ ಉಡುಪು ತೊಟ್ಟವು.

ಆದರೆ ಬಟ್ಟೆ ಬಿಸಿಲಿಗೆ ಮಾಸುತ್ತಿತ್ತು. ನೀರು ಒಳಸೇರಿದರೆ ಮರ ಕೊಳೆಯುತ್ತಿತ್ತು. 1930ರ ದಶಕದಲ್ಲಿ ಕೊಳ್ಳುವವರ ಒಲವು ಹೊಳಪಿನ ಕಡೆ ತಿರುಗಿತು. 1934ರ ಸಿಟ್ರೋಎನ್ 'ತ್ರಾಕ್ಸಿಯೋನ್ ಅವಾಂ' ಕಾರಿನಲ್ಲಿ ಬೆಸೆದ ಉಕ್ಕಿನ ಒಡಲೇ ಹೊರೆ ಹೊರುವ ಚೌಕಟ್ಟಾಯಿತು. ತಿರುಚುವಿಕೆಗೆ ಮಣಿಯುವ ಬದಲು ಅದನ್ನು ತಡೆಯುವುದು ಈ ರಚನೆಯ ಗುಣ.

ಎರಡರ ವ್ಯತ್ಯಾಸವನ್ನು ತರಗತಿಯಲ್ಲೇ ತೋರಿಸಬಹುದು. ಚಪ್ಪಲಿಯ ರಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದು ಎರಡು ತುದಿ ಹಿಡಿದು ತಿರುಚಿ, ಸುಲಭವಾಗಿ ಮಣಿಯುತ್ತದೆ. ಮುಚ್ಚಳವನ್ನು ಸುತ್ತಲೂ ಅಂಟಿಸಿ ಮತ್ತೆ ತಿರುಚಿ ನೋಡಿ.