"ಎರಡೇ ನಿಮಿಷ" ಅಂತ ರಸ್ತೆಯಲ್ಲಿ ಗಾಡಿ ನಿಲ್ಲಿಸ್ತೀರಾ? ಮದ್ದೂರಿನ ಸವಾರರು, ಅಂಗಡಿಯವರು ತಿಳಿದಿರಬೇಕಾದ ನಿಯಮ, ದಂಡದ ವಿವರ

ಮದ್ದೂರು: "ಎರಡೇ ನಿಮಿಷ ಸಾರ್, ಒಂದ್ ಸಾಮಾನ್ ತಕೊಂಡು ಬಂದ್ಬುಟ್ಟೆ."

ಪಟ್ಟಣದ ಪೇಟೆ ಬೀದಿಯಲ್ಲಿ ಈ ಮಾತು ಕೇಳದ ದಿನವಿಲ್ಲ. ಒಂದು ಕಾರು ಅಂಗಡಿ ಮುಂದೆ ನಿಂತರೆ ಎದುರಿನಿಂದ ಬಂದ ಆಟೋ ನಿಲ್ಲುತ್ತೆ, ಅದರ ಹಿಂದೆ ಗೂಡ್ಸ್ ಗಾಡಿ, ಅದರ ಹಿಂದೆ ಬೈಕ್‌ಗಳ ಸಾಲು. ಎರಡು ನಿಮಿಷ ಹತ್ತಾಗುತ್ತೆ. ಆ ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಬಂದರೆ ಪಕ್ಕಕ್ಕೆ ಸರಿಯೋಕೆ ಯಾರಿಗೂ ಜಾಗ ಇರಲ್ಲ.

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ದೂರದ ಊರಿಗೆ ಹೋಗುವ ಗಾಡಿಗಳು ಬೈಪಾಸ್‌ನಲ್ಲೇ ಹೋಗ್ತಿವೆ. ಆದರೆ ಊರೊಳಗಿನ ಗಾಡಿಗಳು, ಹಳ್ಳಿಗಳಿಂದ ಸಂತೆ, ಕಚೇರಿ, ಆಸ್ಪತ್ರೆಗೆ ಬರುವವರ ಗಾಡಿಗಳು ಎಲ್ಲಿಗೂ ಹೋಗಿಲ್ಲ. ಹಾಗಾದರೆ ಎಲ್ಲಿ ನಿಲ್ಲಿಸಬಹುದು, ಎಲ್ಲಿ ನಿಲ್ಲಿಸಬಾರದು, ತಪ್ಪಿದರೆ ಎಷ್ಟು ಕಟ್ಟಬೇಕು? ವಿವರ ಇಲ್ಲಿದೆ.

ಬೋರ್ಡ್ ಇಲ್ಲದಿದ್ದರೂ ತಪ್ಪೇ

"ಇಲ್ಲಿ ನೋ ಪಾರ್ಕಿಂಗ್ ಬೋರ್ಡೇ ಇಲ್ವಲ್ಲ" ಅನ್ನೋದು ಸಾಮಾನ್ಯ ವಾದ. ಕಾನೂನಿನ ಮುಂದೆ ಇದು ನಿಲ್ಲಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 122ರ ಪ್ರಕಾರ, ಬೇರೆಯವರಿಗೆ ಅಪಾಯ, ಅಡ್ಡಿ ಅಥವಾ ಅತಿಯಾದ ಅನನುಕೂಲ ಆಗುವಂತೆ ಸಾರ್ವಜನಿಕ ಸ್ಥಳದಲ್ಲಿ ಗಾಡಿ ಬಿಟ್ಟುಹೋಗೋದೇ ಅಪರಾಧ. ಈ ಸೆಕ್ಷನ್‌ಗೆ ಬೋರ್ಡ್ ಬೇಕಿಲ್ಲ.

2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಾಹನ ಚಾಲನಾ ನಿಯಮಗಳೂ ಪಾರ್ಕಿಂಗ್ ಬಗ್ಗೆ ಹೇಳುತ್ತವೆ. ಮುಖ್ಯವಾಗಿ ಈ ಜಾಗಗಳಲ್ಲಿ ನಿಲ್ಲಿಸುವಂತಿಲ್ಲ:

- ಫುಟ್‌ಪಾತ್ ಮತ್ತು ಜನ ರಸ್ತೆ ದಾಟುವ ಜೀಬ್ರಾ ಪಟ್ಟಿ ಮೇಲೆ
- ವೃತ್ತ, ಅಡ್ಡರಸ್ತೆ ಸೇರುವ ಜಾಗದ ಹತ್ತಿರ
- ಬಸ್ ನಿಲ್ದಾಣದ ಬಳಿ, ಶಾಲೆ ಮತ್ತು ಆಸ್ಪತ್ರೆ ಬಾಗಿಲಿಗೆ ಅಡ್ಡವಾಗಿ
- ಬೇರೆಯವರ ಮನೆ, ಗೋದಾಮು, ಅಂಗಡಿ ಆವರಣದ ಗೇಟಿಗೆ ಅಡ್ಡ
- ಮೊದಲೇ ನಿಂತಿರುವ ಗಾಡಿಯ ಪಕ್ಕದಲ್ಲಿ, ಅಂದರೆ ಎರಡನೇ ಸಾಲಿನಲ್ಲಿ
- ಸಂಚಾರ ಫಲಕ ಮರೆಯಾಗುವಂತೆ

ಟಿ.ಬಿ. ವೃತ್ತ, ಕೊಲ್ಲಿ ವೃತ್ತದಂಥ ಕಡೆ ತಿರುವಿನಲ್ಲೇ ಗಾಡಿ ನಿಲ್ಲಿಸಿದರೆ ಬೋರ್ಡ್ ಇರಲಿ ಬಿಡಲಿ, ಕೇಸ್ ಹಾಕಬಹುದು.

ಇನ್ನು ಬೋರ್ಡ್‌ಗಳಲ್ಲೂ ಎರಡು ಥರ ಇವೆ. ಕೆಂಪು ಉಂಗುರದ ನೀಲಿ ವೃತ್ತದ ಮೇಲೆ ಒಂದೇ ಕೆಂಪು ಗೆರೆ ಇದ್ದರೆ ಪಾರ್ಕಿಂಗ್ ನಿಷೇಧ. ಜನ ಅಥವಾ ಸಾಮಾನು ತಕ್ಷಣ ಇಳಿಸಿ ಹೊರಡಬಹುದು. ಎರಡು ಗೆರೆ ಅಡ್ಡಡ್ಡ ದಾಟಿದ್ದರೆ ನಿಲ್ಲಿಸೋದೇ ನಿಷೇಧ. ಅಲ್ಲಿ "ಇಳಿಸಿ ಹೊರಡ್ತೀನಿ" ಅನ್ನೋ ಮಾತಿಗೂ ಅವಕಾಶ ಇಲ್ಲ.

ಡ್ರೈವರ್ ಸೀಟಿನಲ್ಲಿ ಕೂತಿದ್ದರೆ ಪರವಾಗಿಲ್ವಾ?

ಇಲ್ಲ. ಒಳಗೆ ಯಾರಾದರೂ ಕೂತಿದ್ದರೆ ಕೇಸ್ ಆಗಲ್ಲ ಅನ್ನೋದು ತಪ್ಪು ತಿಳಿವಳಿಕೆ. ಅಡ್ಡಿಯಾದರೆ ಅಡ್ಡಿಯೇ. ಮಕ್ಕಳನ್ನು ಕೂರಿಸಿ, ಎಂಜಿನ್ ಆನ್ ಇಟ್ಟು ಅಂಗಡಿಗೆ ಹೋಗೋದಂತೂ ಇನ್ನೊಂದು ಅಪರಾಧ. ಸೆಕ್ಷನ್ 126ರ ಪ್ರಕಾರ ಲೈಸೆನ್ಸ್ ಇರುವವರು ಡ್ರೈವರ್ ಸೀಟಿನಲ್ಲಿ ಇರಬೇಕು. ಇಲ್ಲದಿದ್ದರೆ ಎಂಜಿನ್ ಆಫ್ ಮಾಡಿ, ಗಾಡಿ ಚಲಿಸದಂತೆ ಬ್ರೇಕ್ ಹಾಕಿಯೇ ಇಳಿಯಬೇಕು.

ದಂಡ ಎಷ್ಟು?

2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿ ನಂತರ ಕಾಯ್ದೆಯಲ್ಲಿರುವ ಮೊತ್ತ ಹೀಗಿದೆ:

- ಸೆಕ್ಷನ್ 177, ಸಾಮಾನ್ಯ ದಂಡ: ಮೊದಲ ಸಲ 500 ರೂ. ವರೆಗೆ, ಮತ್ತೆ ಸಿಕ್ಕಿದರೆ 1,500 ರೂ. ವರೆಗೆ
- ಸೆಕ್ಷನ್ 177ಎ, ಚಾಲನಾ ನಿಯಮ ಉಲ್ಲಂಘನೆ: ಕನಿಷ್ಠ 500 ರೂ., ಗರಿಷ್ಠ 1,000 ರೂ.
- ಸೆಕ್ಷನ್ 201, ಸಂಚಾರಕ್ಕೆ ಅಡ್ಡಿಯಾಗುವಂತೆ ಗಾಡಿ ಇಟ್ಟರೆ: 500 ರೂ. ವರೆಗೆ, ಜೊತೆಗೆ ಗಾಡಿ ತೆಗೆಸಿದ ಖರ್ಚು

ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ಮೊತ್ತವನ್ನು ಸೆಕ್ಷನ್ 200ರ ಅಡಿ ರಾಜ್ಯ ಸರ್ಕಾರ ಅಧಿಸೂಚನೆ ಮೂಲಕ ನಿಗದಿ ಮಾಡುತ್ತೆ. ಹಾಗಾಗಿ ದಂಡ ಕಟ್ಟುವಾಗ ರಸೀದಿ ಕೇಳಿ ಪಡೆಯಬೇಕು. ಅದರಲ್ಲಿ ಗಾಡಿ ನಂಬರ್, ಜಾಗ, ಸಮಯ, ಯಾವ ತಪ್ಪಿಗೆ ದಂಡ ಅನ್ನೋದನ್ನು ನೋಡಿಕೊಳ್ಳಬೇಕು. ತಪ್ಪು ಮಾಡಿಲ್ಲ ಅನ್ನಿಸಿದರೆ ಸ್ಥಳದಲ್ಲಿ ಜಗಳ ಬೇಕಿಲ್ಲ. ದಂಡ ಒಪ್ಪದೆ ನ್ಯಾಯಾಲಯದಲ್ಲಿ ಹೇಳಿಕೊಳ್ಳುವ ಹಕ್ಕು ಇದ್ದೇ ಇದೆ.

ಗಾಡಿ ಎಳ್ಕೊಂಡು ಹೋಗಬಹುದಾ?

ಹೋಗಬಹುದು. ಸೆಕ್ಷನ್ 127ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಹಾಗೇ ಬಿಟ್ಟ ಗಾಡಿಯನ್ನು, ನಿಷೇಧಿತ ಜಾಗದಲ್ಲಿ ನಿಂತ ಗಾಡಿಯನ್ನು ಎಳೆಸಬಹುದು ಅಥವಾ ಚಕ್ರಕ್ಕೆ ಲಾಕ್ ಹಾಕಬಹುದು. ಆದರೆ ಆ ಆದೇಶ ಕೊಡಬೇಕಾದವರು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ಅಪಾಯ ಆಗುವಂತಿದ್ದರೆ 10 ಗಂಟೆ ಕಾಯಬೇಕಾಗಿಲ್ಲ. ಎಳೆಸಿದ ಖರ್ಚು ಮಾಲೀಕನದ್ದೇ, ದಂಡ ಬೇರೆ.

ಗಾಡಿ ನಿಜವಾಗಿಯೂ ಕೆಟ್ಟು ನಿಂತಿದ್ದರೆ? ಅನಿರೀಕ್ಷಿತವಾಗಿ ಕೆಟ್ಟು, ತೆಗೆಸುವ ಕೆಲಸ ನಡೆಯುತ್ತಿದ್ದರೆ ಸೆಕ್ಷನ್ 201ರ ದಂಡ ಬರಲ್ಲ. ಅಂದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಗಾಡಿ ತೆಗೆಸುವ ಪ್ರಯತ್ನ ನಡೆದಿರಬೇಕು. "ಕೆಟ್ಟೋಗಿದೆ" ಅಂತ ಮೂರು ದಿನ ರಸ್ತೆಯಲ್ಲೇ ಬಿಡೋಕೆ ಇದು ರಹದಾರಿ ಅಲ್ಲ.

ಅಂಗಡಿಯವರಿಗೆ ಅನ್ವಯಿಸೋದು ಏನು?

ಅಂಗಡಿ ಮುಂದಿನ ರಸ್ತೆ ಅಂಗಡಿಯವರದ್ದಲ್ಲ, ಸಾರ್ವಜನಿಕರದ್ದು. ಅಲ್ಲಿ ಕಲ್ಲು, ಡ್ರಮ್, ಹಗ್ಗ ಇಟ್ಟು ಜಾಗ ಹಿಡಿಯೋದು, ತಾವೇ "ನೋ ಪಾರ್ಕಿಂಗ್" ಅಂತ ಬರೆಸಿ ನಿಲ್ಲಿಸೋದು ಕಾನೂನಿನಲ್ಲಿ ನಡೆಯಲ್ಲ. ಗಿರಾಕಿ ತಪ್ಪಾಗಿ ಕಾರು ನಿಲ್ಲಿಸಿದರೆ ದಂಡ ಕಾರಿನವರಿಗೇ ಹೊರತು ಅಂಗಡಿಯವರಿಗಲ್ಲ. ಆದರೆ ಅಂಗಡಿಯ ಸಾಮಾನು, ಬೋರ್ಡ್, ಮೂಟೆ ರಸ್ತೆಗೆ ಬಂದು ಅಡ್ಡಿಯಾದರೆ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 285ರಲ್ಲಿ ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ 5,000 ರೂ. ವರೆಗೆ ದಂಡ ಇದೆ. ಹಳೇ ಐಪಿಸಿಯಲ್ಲಿ ಇದೇ ತಪ್ಪಿಗೆ ಇದ್ದದ್ದು ಬರೀ 200 ರೂ.

ಇನ್ನೊಂದು ಲೆಕ್ಕ ಅಂಗಡಿಯವರೇ ಹಾಕಿ ನೋಡಬಹುದು. ಬೆಳಿಗ್ಗೆ ಬಾಗಿಲು ತೆಗೆದಾಗ ಮಾಲೀಕರದ್ದೊಂದು, ಕೆಲಸದವರದ್ದೆರಡು ಬೈಕ್ ಅಂಗಡಿ ಮುಂದೆ ನಿಂತರೆ ರಾತ್ರಿವರೆಗೂ ಕದಲಲ್ಲ. ಅದೇ ಜಾಗದಲ್ಲಿ ದಿನಕ್ಕೆ ಹತ್ತಾರು ಗಿರಾಕಿಗಳು ಬಂದುಹೋಗಬಹುದಿತ್ತು. ನಿಲ್ಲಿಸೋಕೆ ಜಾಗ ಸಿಗದ ಗಿರಾಕಿ ಮುಂದಿನ ಸಲ ಮಂಡ್ಯಕ್ಕೋ ಚನ್ನಪಟ್ಟಣಕ್ಕೋ ಹೋಗ್ತಾನೆ.

ರಾತ್ರಿ ರಸ್ತೆ ಬದಿಯ ಲಾರಿ, ಕಬ್ಬಿನ ಟ್ರ್ಯಾಕ್ಟರ್

ಪಟ್ಟಣದಲ್ಲಿ ತಪ್ಪು ಪಾರ್ಕಿಂಗ್ ಅಂದರೆ ಕಿರಿಕಿರಿ. ಹಳ್ಳಿ ರಸ್ತೆಯಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಕಬ್ಬು ಅರೆಯುವ ಕಾಲದಲ್ಲಿ ಕೆ.ಎಂ. ದೊಡ್ಡಿ ಕಡೆಯ ರಸ್ತೆಗಳಲ್ಲಿ ಲೋಡ್ ಟ್ರ್ಯಾಕ್ಟರ್‌ಗಳು, ಎಳನೀರು ಮಾರುಕಟ್ಟೆ ಕಡೆ ಲಾರಿಗಳು ರಸ್ತೆ ಬದಿ ನಿಲ್ಲೋದು ಮಾಮೂಲಿ. ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಕತ್ತಲಲ್ಲಿ ಬೈಕ್ ಸವಾರನಿಗೆ ಕಾಣೋದೇ ಇಲ್ಲ.

ಇಂಥ ಪ್ರಕರಣದಲ್ಲಿ "ಅವನೇ ಬಂದು ಗುದ್ದಿದ, ನಮ್ ಗಾಡಿ ನಿಂತಿತ್ತು" ಅನ್ನೋ ಮಾತು ಮಾಲೀಕನನ್ನು ಕಾಪಾಡಲ್ಲ. ಕರ್ನಾಟಕ ಹೈಕೋರ್ಟ್‌ನಿಂದ ಹೋಗಿದ್ದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಹೆದ್ದಾರಿಯಲ್ಲಿ ಯಾವುದೇ ಎಚ್ಚರಿಕೆ ಗುರುತಿಲ್ಲದೆ ನಿಲ್ಲಿಸಿದ್ದ ಲಾರಿಗೆ ಕಾರು ಡಿಕ್ಕಿಯಾಗಿತ್ತು. ಕಾರು ಓಡಿಸುತ್ತಿದ್ದವರ ಮೇಲೂ ಅರ್ಧ ತಪ್ಪು ಹೊರಿಸಿದ್ದ ಕೆಳಗಿನ ತೀರ್ಪನ್ನು ಕೋರ್ಟ್ ಬದಿಗಿಟ್ಟು, ಲಾರಿ ಕಡೆಯವರದ್ದೇ ಹೊಣೆ ಎಂದಿತು. ಪಾರ್ಕ್ ಮಾಡಿದ ಗಾಡಿಯಿಂದಲೂ ಲಕ್ಷಾಂತರ ರೂಪಾಯಿ ಪರಿಹಾರದ ಹೊರೆ ಬರಬಹುದು. ಇನ್ಶೂರೆನ್ಸ್ ಮುಗಿದಿದ್ದರೆ ಅದು ಮಾಲೀಕನ ತಲೆ ಮೇಲೇ.

ದಶಪಥ ಹೆದ್ದಾರಿಯ ಮುಖ್ಯ ಪಥದಲ್ಲಿ ಫೋನ್ ಮಾತಾಡೋಕೆ, ಸೆಲ್ಫಿಗೆ ನಿಲ್ಲಿಸೋದೂ ಇಷ್ಟೇ ಅಪಾಯ. ಗಾಡಿ ಕೆಟ್ಟರೆ ಎಡ ಅಂಚಿಗೆ ತಂದು, ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರೂ ಇಳಿದು ತಡೆಬೇಲಿ ಆಚೆ ನಿಂತು 1033ಕ್ಕೆ ಕರೆ ಮಾಡಬೇಕು. ಅಪಘಾತವಾದರೆ 112.

ದಂಡದ ಮೆಸೇಜ್ ಬಂದರೆ ಎಚ್ಚರ

"ನಿಮ್ಮ ಗಾಡಿ ಮೇಲೆ ದಂಡ ಇದೆ" ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಒತ್ತಬಾರದು. ಅದು ಬ್ಯಾಂಕ್ ಖಾತೆ ಖಾಲಿ ಮಾಡುವ ವಂಚಕರ ದಾರಿ. ದಂಡ ಇದೆಯೋ ಇಲ್ಲವೋ ಅನ್ನೋದನ್ನು ಸರ್ಕಾರದ ಪರಿವಾಹನ್ ಇ-ಚಲನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಬಹುದು, ಇಲ್ಲವೇ ಠಾಣೆಯಲ್ಲಿ ಕೇಳಬಹುದು. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ಬಾಕಿ ದಂಡಕ್ಕೆ ರಾಜ್ಯ ಸರ್ಕಾರ 2023ರ ಫೆಬ್ರವರಿ ಮತ್ತು 2025ರ ಆಗಸ್ಟ್‌ನಲ್ಲಿ ಶೇ 50 ರಿಯಾಯಿತಿ ಕೊಟ್ಟಿತ್ತು. ಆದರೆ ಅದು ಕೆಲ ದಿನದ ಅವಕಾಶ, ಪ್ರತಿ ವರ್ಷ ಸಿಗುವ ಹಕ್ಕಲ್ಲ.

ಜಾಗ ಬೇಕಾದರೆ ಯಾರನ್ನು ಕೇಳಬೇಕು?

ದಂಡ ಹಾಕೋದು ಸುಲಭ, ನಿಲ್ಲಿಸೋಕೆ ಜಾಗ ಎಲ್ಲಿ ಅನ್ನೋ ಸವಾರರ ಪ್ರಶ್ನೆಯಲ್ಲೂ ನ್ಯಾಯ ಇದೆ. ಅದಕ್ಕೂ ಕಾನೂನಿನಲ್ಲಿ ದಾರಿ ಇದೆ. ಸೆಕ್ಷನ್ 117ರ ಪ್ರಕಾರ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ಪಾರ್ಕಿಂಗ್ ಜಾಗ ಗುರುತಿಸಬೇಕು. ಜಿಲ್ಲೆಗಳಲ್ಲಿ ಪೊಲೀಸರ ಪ್ರಸ್ತಾವನೆ ಮೇಲೆ ಜಿಲ್ಲಾಧಿಕಾರಿ ಇಂಥ ಅಧಿಸೂಚನೆ ಹೊರಡಿಸುತ್ತಾರೆ. ರಸ್ತೆಯ ಒಂದು ಬದಿ ಇವತ್ತು, ಇನ್ನೊಂದು ಬದಿ ನಾಳೆ ಎನ್ನುವ ಪದ್ಧತಿ, ಸರಕು ಇಳಿಸೋಕೆ ಬೆಳಗಿನ ಹೊತ್ತು ನಿಗದಿ, ಬೈಕ್‌ಗಳಿಗೆ ಪ್ರತ್ಯೇಕ ಗೆರೆ ಇವೆಲ್ಲ ಆ ದಾರಿಯಲ್ಲೇ ಬರಬೇಕು.

ಪೇಟೆ ಬೀದಿಯ ವರ್ತಕರು ಒಟ್ಟಾಗಿ ಒಂದು ಅರ್ಜಿ ಬರೆದು ನಗರಾಡಳಿತಕ್ಕೆ, ಪೊಲೀಸರಿಗೆ, ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದರೆ ಕೆಲಸ ಶುರುವಾಗುತ್ತೆ. ಅಲ್ಲಿವರೆಗೆ ಸವಾರರು ಮಾಡಬಹುದಾದದ್ದು ಇಷ್ಟೇ: ಗಾಡಿಯನ್ನು ಸ್ವಲ್ಪ ದೂರ ನಿಲ್ಲಿಸಿ ಐವತ್ತು ಹೆಜ್ಜೆ ನಡೆಯೋದು. ಹಿಂದೆ ಬರುತ್ತಿರುವ ಆಂಬುಲೆನ್ಸ್‌ನಲ್ಲಿ ನಮ್ಮೂರಿನವರೇ ಇರ್ತಾರೆ.