ಮರಳಿನ ನದಿಗೆ ಕಾನೂನಿನ ಕಾವಲು

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮೌಂಟ್ ಹುಡ್ ಎಂಬ ಜ್ವಾಲಾಮುಖಿ ಪರ್ವತವಿದೆ. ಸುಮಾರು 3,400 ಮೀಟರ್ ಎತ್ತರದ ಆ ಪರ್ವತದ ಪಶ್ಚಿಮ ಇಳಿಜಾರಿನ ಹಿಮನದಿಗಳಲ್ಲಿ ಸ್ಯಾಂಡಿ ನದಿ ಹುಟ್ಟುತ್ತದೆ. ಸುಮಾರು 90 ಕಿಲೋಮೀಟರ್ ಹರಿದು ಕೊಲಂಬಿಯಾ ನದಿಯನ್ನು ಸೇರುತ್ತದೆ.

ಹೆಸರೇ ಹೇಳುವಂತೆ ಇದು ಮರಳಿನ ನದಿ. ಆ ಮರಳಿನ ಹಿಂದೆ ಬೆಂಕಿಯ ಕಥೆಯಿದೆ. 18ನೆಯ ಶತಮಾನದ ಕೊನೆಯಲ್ಲಿ ಪರ್ವತವು ಸಿಡಿದಾಗ ಶಿಲಾಚೂರ್ಣ ಮತ್ತು ನೀರು ಬೆರೆತ ಕೆಸರಿನ ಪ್ರವಾಹವು ಕಣಿವೆಯನ್ನು ತುಂಬಿತು. 1805ರ ನವೆಂಬರಿನಲ್ಲಿ ಅನ್ವೇಷಕ ಕ್ಲಾರ್ಕ್ ಈ ನದಿಯನ್ನು ನಡೆದು ದಾಟಲು ಯತ್ನಿಸಿದಾಗ ಕಾಲಡಿಯ ಮರಳೇ ಕುಸಿಯಿತು. ಅವನೂ ಜೊತೆಗಾರ ಲೂಯಿಸನೂ ಅದನ್ನು 'ಹೂಳುಮರಳಿನ ನದಿ' ಎಂಬರ್ಥದ ಹೆಸರಿನಿಂದ ಕರೆದರು.

ಅಣೆಕಟ್ಟುಗಳ ಭರಾಟೆಯ ನಡುವೆ ಕೆಲವು ನದಿಗಳಾದರೂ ಸ್ವಚ್ಛಂದವಾಗಿ ಹರಿಯಲೆಂದು ಅಮೆರಿಕದ ಸಂಸತ್ತು 1968ರಲ್ಲಿ ಒಂದು ಕಾಯಿದೆಯನ್ನು ರಚಿಸಿತು. ಅದರ ಪಟ್ಟಿಗೆ ಸೇರಿದ ಹರಿವಿನಲ್ಲಿ ಹೊಸ ಜಲವಿದ್ಯುತ್ ಅಣೆಕಟ್ಟಿಗೆ ಪರವಾನಗಿ ನೀಡುವಂತಿಲ್ಲ. ಸ್ಯಾಂಡಿ ನದಿಯ ಸುಮಾರು 40 ಕಿಲೋಮೀಟರ್ 1988ರಲ್ಲಿ ಈ ರಕ್ಷಣೆಯನ್ನು ಪಡೆಯಿತು. ಆದರೆ ಅದು ಅಖಂಡವಾಗಿರಲಿಲ್ಲ. ಮೇಲೊಂದು ಭಾಗ, ಕೆಳಗೊಂದು ಭಾಗ. ನಡುವಿನ ಅಂತರದಲ್ಲಿ 1913ರಿಂದಲೂ ಮಾರ್ಮಟ್ ಅಣೆಕಟ್ಟು ನಿಂತಿತ್ತು.

ಅದನ್ನು ಕೆಡವಿಸಿದ್ದು ಈ ಕಾಯಿದೆಯಲ್ಲ, ಪರವಾನಗಿಯ ಅವಧಿ. ಹೊಸ ಪರವಾನಗಿ ಬೇಕಾದರೆ ಸಾಲ್ಮನ್ ಮೀನುಗಳ ರಕ್ಷಣೆಗೆ ಅಪಾರ ವೆಚ್ಚ ಮಾಡಬೇಕಿತ್ತು. ಲೆಕ್ಕ ಹಾಕಿದ ವಿದ್ಯುತ್ ಕಂಪನಿಯು ಅಣೆಕಟ್ಟನ್ನೇ ತೆಗೆಯಲು 1999ರಲ್ಲಿ ನಿರ್ಧರಿಸಿತು.

ಅಣೆಕಟ್ಟಿನ ಹಿಂದೆ ಸುಮಾರು 7.5 ಲಕ್ಷ ಘನ ಮೀಟರ್ ಹೂಳು ತುಂಬಿತ್ತು. ಅದು ಮೀನುಗಳು ಮೊಟ್ಟೆಯಿಡುವ ತಾಣಗಳನ್ನು ಮುಚ್ಚೀತೆಂಬ ಆತಂಕವಿತ್ತು. 2007ರ ಬೇಸಿಗೆಯಲ್ಲಿ ಕಾಂಕ್ರೀಟ್ ಗೋಡೆಯನ್ನು ಒಡೆಯಲಾಯಿತು. ಅಕ್ಟೋಬರ್ 19ರಂದು ಮಳೆಯ ನೀರೇರಿದಾಗ ತಾತ್ಕಾಲಿಕ ಮಣ್ಣಿನ ಒಡ್ಡು ಕೊಚ್ಚಿಹೋಯಿತು. ತಜ್ಞರು ನಿರೀಕ್ಷಿಸಿದ್ದಕ್ಕಿಂತ ಶೀಘ್ರವಾಗಿ ನದಿಯು ಹೂಳನ್ನು ಕೆಳಗೊಯ್ದು ಹರಡಿತು. ಹುಟ್ಟಿನಿಂದಲೇ ಮರಳು ಹೊತ್ತ ನದಿಗೆ ಅದೇನೂ ಹೊಸ ಕೆಲಸವಾಗಿರಲಿಲ್ಲ. ಬೇಗನೆ ಸಾಲ್ಮನ್‌ಗಳೂ ತೆರೆದ ದಾರಿಯಲ್ಲಿ ಮೇಲೇರಿದವು.

ಕಾನೂನು ಹರಿವನ್ನು ಕಾಯಬಲ್ಲದು, ಗೋಡೆಯನ್ನು ತಡೆಯಬಲ್ಲದು. ಆದರೆ ಬಿಸಿಯೇರುತ್ತಿರುವ ಭೂಮಿಯಲ್ಲಿ ಮೌಂಟ್ ಹುಡ್‌ನ ಹಿಮನದಿಗಳು ಕುಗ್ಗುತ್ತಿವೆ. ಮಳೆಯಿಲ್ಲದ ಬೇಸಿಗೆಯಲ್ಲಿ ನದಿಗೆ ತಂಪು ನೀರನ್ನೂ ಮೀನಿಗೆ ಬದುಕನ್ನೂ ಕೊಡುವುದು ಆ ಹಿಮವೇ. ಅದರ ಕರಗುವಿಕೆಗೆ ತಡೆಯಾಜ್ಞೆ ತರಲು ಯಾವ ನದಿಯ ಕಾಯಿದೆಗೂ ಸಾಧ್ಯವಿಲ್ಲ.